ಸಂಬಳ ಬಾಕಿ ಇಟ್ಟವರ ದಾನ

ಬೈಬಲಿನ ಮೀಕನ ಗ್ರಂಥದ 6ನೇ ಅಧ್ಯಾಯದ 8ನೇ ವಚನ ಎಷ್ಟೋ ಕ್ರೈಸ್ತರ ಮನೆಯ ಗೋಡೆಯ ಮೇಲಿರುತ್ತದೆ. ದೇವರು ಮನುಷ್ಯನಿಂದ ಕೇಳುವುದು ಮೂರು: ನ್ಯಾಯ, ಕರುಣೆ, ದೀನತೆ. ಓದಲು ಹಿತವಾಗಿದೆ. ಅಲ್ಲಿಂದ ಮೂರೇ ವಚನ ಮುಂದೆ ಹೋದರೆ ಕಳ್ಳ ತಕ್ಕಡಿ, ಮೋಸದ ತೂಕದ ಕಲ್ಲುಗಳ ಚೀಲ ಸಿಗುತ್ತವೆ. ಅದಕ್ಕೆ ಚೌಕಟ್ಟು ಹಾಕಿಸಿದವರನ್ನು ನಾನಂತೂ ಕಂಡಿಲ್ಲ.

ಪ್ರವಾದಿ ಮೀಕನು ಕ್ರಿಸ್ತಪೂರ್ವ 8ನೇ ಶತಮಾನದವನು, ಮೋರೆಷೆತ್ ಎಂಬ ಊರಿನವನು. ಅವನು ಬೈದದ್ದು ದೇವರನ್ನು ಬಿಟ್ಟವರನ್ನಷ್ಟೇ ಅಲ್ಲ. ಹಾಸಿಗೆಯಲ್ಲಿ ಮಲಗಿ ಸಂಚು ಹೂಡಿ, ಬೆಳಗಾಗುತ್ತಲೇ ಇನ್ನೊಬ್ಬರ ಹೊಲ ಮನೆ ಕಿತ್ತುಕೊಳ್ಳುತ್ತಿದ್ದವರನ್ನು. ಲಂಚ ತಿಂದು ತೀರ್ಪು ಕೊಟ್ಟು, ‘ಯೆಹೋವನು ನಮ್ಮ ನಡುವೆಯೇ ಇದ್ದಾನೆ, ನಮಗೇನು ಕೇಡು’ ಎಂದು ನಿಶ್ಚಿಂತೆಯಿಂದಿದ್ದ ಮುಖಂಡರನ್ನು.

ನನ್ನ ತಕರಾರು ಇಷ್ಟೇ: ಮೂರರಲ್ಲಿ ಮೊದಲನೆಯದನ್ನು ಹಾರಿ ನಾವು ನೇರವಾಗಿ ಎರಡನೆಯದಕ್ಕೆ ಹೋಗುತ್ತೇವೆ. ಕಾರಣವೂ ಗೊತ್ತಿರುವುದೇ. ಕರುಣೆ ತೋರಿದರೆ ಎದುರಿನವರು ಕೈಮುಗಿಯುತ್ತಾರೆ. ಕೊಡಬೇಕಾದ್ದನ್ನು ಕೊಟ್ಟರೆ ಯಾರು ಕೈಮುಗಿಯುತ್ತಾರೆ? ಮನೆಗೆಲಸದ ಹೆಂಗಸಿಗೆ ಹಬ್ಬಕ್ಕೆ ಹೊಸ ಬಟ್ಟೆ ಕೊಟ್ಟು ಫೋಟೊ ತೆಗೆಸಿಕೊಳ್ಳುವ ಮನೆಯಲ್ಲೇ, ಆಕೆ ತಿಂಗಳ ಸಂಬಳಕ್ಕಾಗಿ ಬಾಗಿಲ ಬಳಿ ಸೆರಗು ಹಿಡಿದು ನಿಂತು, ‘ಅಮ್ಮಾ, ಇವತ್ತಾದರೂ ಆಗುತ್ತದೆಯೇ’ ಎಂದು ಕೇಳಬೇಕಾಗುತ್ತದೆ. ಬೈಬಲಿನ ಯಾಜಕಕಾಂಡದ 19ನೇ ಅಧ್ಯಾಯ ಕೂಲಿಯವನ ಕೂಲಿಯನ್ನು ಬೆಳಗಿನವರೆಗೂ ಇಟ್ಟುಕೊಳ್ಳಬಾರದು ಎನ್ನುತ್ತದೆ. ಒಂದು ರಾತ್ರಿಯ ಸಲಿಗೆಯೂ ಇಲ್ಲ! ತಡೆಹಿಡಿದ ಕೂಲಿಯೇ ದೇವರಿಗೆ ಕೂಗಿಕೊಳ್ಳುತ್ತದೆ ಎನ್ನುತ್ತಾನೆ ಹೊಸ ಒಡಂಬಡಿಕೆಯ ಪತ್ರದಲ್ಲಿ ಯಾಕೋಬ. ಗಳಿಕೆಯಲ್ಲಿ ದೇವರಿಗೆಂದು ಕೊಡುವ ಹತ್ತನೇ ಪಾಲನ್ನು, ಅಂದರೆ ದಶಮಾಂಶವನ್ನು ಮಾತ್ರ ಪೈಸೆ ತಪ್ಪದೆ ಲೆಕ್ಕ ಹಾಕುತ್ತೇವೆ. ಪುದೀನ, ಜೀರಿಗೆಯಲ್ಲೂ ಹತ್ತನೇ ಪಾಲು ಎಣಿಸಿ ನ್ಯಾಯವನ್ನು ಮರೆತವರ ಬಗ್ಗೆ ಯೇಸು ಆಡಿದ ಮಾತು ಆ ಕಾಲದ ಕಟ್ಟುನಿಟ್ಟಿನ ಯೆಹೂದಿ ಪಂಗಡವಾದ ಫರಿಸಾಯರಿಗಷ್ಟೇ ಎಂದುಕೊಂಡು ನಿದ್ದೆ ಮಾಡುತ್ತೇವೆ.

ದೀನತೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ನಾನು ಧೂಳು, ನಾನು ಪಾಪಿ’ ಎಂದು ಗದ್ಗದ ಕಂಠದಲ್ಲಿ ಪ್ರಾರ್ಥಿಸುವವರ ಎದುರು ಕಾಣಿಕೆಯ ಲೆಕ್ಕ ಕೇಳಿ ನೋಡಿ. ಧೂಳು ಹೇಗೆ ಏಳುತ್ತದೆ ಎಂಬುದು ತಿಳಿಯುತ್ತದೆ.

ಹಾಗೆಂದು ದಾನ ಬೇಡವೆನ್ನುತ್ತಿಲ್ಲ. ಯೇಸುವನ್ನು ನೋಡಲು ಬಂದ ಸುಂಕ ವಸೂಲಿಗಾರ ಜಕ್ಕಾಯನನ್ನು ನೋಡಿ. ಮರ ಹತ್ತಿದ ಗಿಡ್ಡ ಮನುಷ್ಯನೆಂದು ಭಾನುವಾರದ ಶಾಲೆಯ ಮಕ್ಕಳಿಗೂ ಗೊತ್ತು. ಆಸ್ತಿಯಲ್ಲಿ ಅರ್ಧ ಬಡವರಿಗೆ ಎಂದನು. ಅಷ್ಟಕ್ಕೇ ನಿಂತಿದ್ದರೆ ಇವತ್ತಿನ ಸಭೆಯಲ್ಲಿ ಅವನಿಗೆ ಶಾಲು ಸಿಗುತ್ತಿತ್ತು. ಅವನು ನಿಲ್ಲಲಿಲ್ಲ, ಯಾರಿಂದಲಾದರೂ ಅನ್ಯಾಯವಾಗಿ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದನು. ಸಭೆಯಲ್ಲಿ ದೇವರು ತಮಗೆ ಮಾಡಿದ್ದನ್ನು ಎದ್ದು ನಿಂತು ಸಾಕ್ಷಿ ಹೇಳುವ ಹೊತ್ತಿನಲ್ಲಿ ಸ್ವಸ್ಥತೆಯ ಸಾಕ್ಷಿ, ಕೆಲಸ ಸಿಕ್ಕ ಸಾಕ್ಷಿ, ವೀಸಾ ಸಿಕ್ಕ ಸಾಕ್ಷಿ ಎಲ್ಲವನ್ನೂ ಕೇಳಿದ್ದೇನೆ. ‘ಇಂಥವರಿಗೆ ಬಾಕಿಯಿತ್ತು, ಬಡ್ಡಿ ಸಮೇತ ಕೊಟ್ಟು ಬಂದೆ’ ಎಂದು ಮೈಕ್ ಹಿಡಿದವರ ಸಾಕ್ಷಿಯೊಂದನ್ನು ಕೇಳಬೇಕೆಂದಿದ್ದೇನೆ. ನಿಮ್ಮ ಸಭೆಯಲ್ಲಿ ಕೇಳಿದ್ದರೆ ಹೇಳಿ.