ಗಿಳಿಹಸಿರಿಗೆ ಟೋನ್ ಬಂದ ಬಗೆ

ವೈಶಾಖದಲ್ಲಿ ದಾವಣಗೆರೆಯಲ್ಲಿ ನಡೆದ ನಮ್ಮ ಅಣ್ಣನ ಮಗಳ ಮದುವೆಯ ವಿಡಿಯೊ ಕಾರ್ತಿಕ ಮಾಸದಲ್ಲಿ ನಮ್ಮ ಕೈ ಸೇರಿತು. ತಡವೇಕೆ ಎಂದು ವಿಚಾರಿಸಿದಾಗಲೆಲ್ಲ ಚಿತ್ರೀಕರಣ ಮಾಡಿದ ಹುಡುಗನು, ಶಸ್ತ್ರಚಿಕಿತ್ಸೆಯ ಕೋಣೆಯಿಂದ ಅರ್ಧ ಬಾಗಿಲು ತೆರೆದು ಮಾತನಾಡುವ ದಾದಿಯ ಧ್ವನಿಯಲ್ಲಿ, “ಕಲರ್ ನಡೀತಿದೆ ಸರ್” ಎಂದು ಹೇಳಿ ಫೋನ್ ಇಡುತ್ತಿದ್ದನು. ಆ ಮದುವೆಗೆ ಬಣ್ಣದ ಕೊರತೆಯಿತ್ತೆಂದು ನಮ್ಮಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ಬಾಗಿಲಿಗೆ ಮಾವಿನ ತೋರಣ, ಮಂಟಪದ ನಾಲ್ಕು ಮೂಲೆಗೆ ಬಾಳೆಕಂಬ, ಅರಿಶಿನ, ಕುಂಕುಮ, ಸೇವಂತಿಗೆ, ಎಲೆಯ ತುದಿಯಲ್ಲಿ ಕೋಸಂಬರಿ, ಎಲ್ಲವೂ ತಂತಮ್ಮ ಬಣ್ಣದಲ್ಲಿಯೇ ಇದ್ದವು. ಎಲ್ಲಕ್ಕಿಂತ ಮಿಗಿಲಾಗಿ ಮದುಮಗಳು ಉಟ್ಟಿದ್ದುದು ಸೋದರತ್ತೆ, ಅಂದರೆ ನಮ್ಮಕ್ಕ, ಮೂರು ಅಂಗಡಿ ಸುತ್ತಿ ಆರಿಸಿ ತಂದಿದ್ದ ಗಿಳಿಹಸಿರು ಬಣ್ಣದ, ಕೆಂಪು ಅಂಚಿನ ಮೊಳಕಾಲ್ಮೂರು ರೇಷ್ಮೆ ಸೀರೆ.

ವಿಡಿಯೊದಲ್ಲಿ ಆ ಸೀರೆ ಇಲ್ಲ. ಮದುಮಗಳು ಆಸ್ಪತ್ರೆಯ ಪರದೆಯ ಬಣ್ಣದ ಯಾವುದೋ ವಸ್ತ್ರವನ್ನು ಉಟ್ಟು, ತಾಮ್ರದ ಹಂಡೆಯ ಮೈಬಣ್ಣ ಹೊಂದಿ, ಮಳೆಗಾಲದ ಮುಸ್ಸಂಜೆಯಂತಹ ಮಬ್ಬಿನಲ್ಲಿ ಬಹಳ ನಿಧಾನವಾಗಿ ನಡೆದು ಬರುತ್ತಾಳೆ. ಮುಹೂರ್ತವಿದ್ದುದು ಬೆಳಿಗ್ಗೆ ಹನ್ನೊಂದಕ್ಕೆ, ಅದೂ ದಾವಣಗೆರೆಯ ಬಿರುಬಿಸಿಲಿನಲ್ಲಿ. ಕನ್ಯಾದಾನ ಮಾಡುತ್ತಿರುವ ನಮ್ಮಣ್ಣನ ಮುಖದ ಮೇಲೆ ಬಿದ್ದಿರುವ ನೆರಳನ್ನು ನೋಡಿದರೆ, ಆತ ಧಾರೆಯೆರೆಯುತ್ತಿರುವುದು ನೀರನ್ನಲ್ಲ, ಯಾವುದೋ ಹಳೆಯ ಕೊಲೆಯ ರಹಸ್ಯವನ್ನು ಎಂಬ ಅನುಮಾನ ಬರುತ್ತದೆ. ಊಟದ ಪಂಕ್ತಿಯಲ್ಲಿ ಚಿತ್ರಾನ್ನವು ಬಿಸಿಬೇಳೆಬಾತಿನ ಬಣ್ಣಕ್ಕೆ ತಿರುಗಿದೆ. ವೀಳ್ಯದೆಲೆ ಬೂದು. ಇಡೀ ಮದುವೆಯಲ್ಲಿ ತನ್ನ ಬಣ್ಣವನ್ನು ಉಳಿಸಿಕೊಂಡದ್ದಷ್ಟೇ ಅಲ್ಲದೆ ಇನ್ನಷ್ಟು ಪ್ರಜ್ವಲಿಸಿದ್ದು ಕೇಸರಿಬಾತ್ ಒಂದೇ.

ಇದಕ್ಕೆ ಶಾಸ್ತ್ರೀಯ ಕಾರಣವಿದೆ. ಮನುಷ್ಯರ ಚರ್ಮದ ಬಣ್ಣ, ಯಾವ ದೇಶದವರದಾದರೂ ಸರಿ, ವರ್ಣಚಕ್ರದಲ್ಲಿ ಹೆಚ್ಚುಕಡಿಮೆ ಕಿತ್ತಳೆಯ ಪಾಳಿಗೆ ಬೀಳುತ್ತದೆ. ಅದಕ್ಕೆ ಎದುರಾಗಿ ಕುಳಿತಿರುವ ಬಣ್ಣ ನೀಲಿಯೂ ಅಲ್ಲದ ಹಸಿರೂ ಅಲ್ಲದ ಟೀಲ್. ಆದುದರಿಂದ ನೆರಳನ್ನೆಲ್ಲ ಟೀಲ್ ಕಡೆಗೂ ಮುಖಗಳನ್ನೆಲ್ಲ ಕಿತ್ತಳೆಯ ಕಡೆಗೂ ತಳ್ಳಿದರೆ ಮನುಷ್ಯನು ಹಿನ್ನೆಲೆಯಿಂದ ಎದ್ದು ಕಾಣುತ್ತಾನೆ. ಸ್ಫೋಟದ ಮುಂದೆ ನಡೆದು ಬರುವ ನಾಯಕನಿಗೆ ಇದು ಬಹಳ ಒಪ್ಪುತ್ತದೆ. ಆದರೆ ನಮ್ಮ ಕಡೆಯ ಶುಭಕಾರ್ಯಗಳಲ್ಲಿ ಹಿನ್ನೆಲೆಯೇ ಬಾಳೆಯೆಲೆ, ಮಾವಿನೆಲೆ, ವೀಳ್ಯದೆಲೆ. ಹಸಿರನ್ನು ಕೊಂದ ಮೇಲೆ ಅಲ್ಲಿ ಉಳಿಯುವುದು ಪ್ಲಾಸ್ಟಿಕ್ ಕುರ್ಚಿ ಮಾತ್ರ.

ಹುಡುಗನನ್ನು ಕರೆಸಿದೆವು. ಆತ ವಿನಯವಂತ. ನಮ್ಮಕ್ಕನು ಸೀರೆಯ ವಿಷಯವೆತ್ತಿದಾಗ, “ಆಂಟಿ, ಅದು ಟೋನು” ಎಂದನು. ಇಡೀ ಚಿತ್ರಕ್ಕೆ ಬಳಿಯುವ ಬಣ್ಣದ ಛಾಯೆಗೆ ಅವರ ಭಾಷೆಯಲ್ಲಿ ಆ ಹೆಸರು. “ಟೋನೋ ಗೀನೋ, ನನ್ನ ಸೀರೆ ಎಲ್ಲಪ್ಪಾ?” ಎಂದು ಆಕೆ ಕೇಳಿದಳು. ಆಗ ಆತ ಲಟ್ ಎಂಬ ವಸ್ತುವನ್ನು ನಮಗೆ ಪರಿಚಯಿಸಿದನು. ಹಿಂದಿನ ಕಾಲದ ಅಂಗಡಿಗಳಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕ ರೆಡಿ ರೆಕನರ್ ಎಂಬ ಪುಸ್ತಕವಿರುತ್ತಿತ್ತಲ್ಲ, ಇಷ್ಟು ತೂಕಕ್ಕೆ ಈ ದರದಲ್ಲಿ ಇಷ್ಟು ಹಣ ಎಂದು ನೋಡಿ ಹೇಳಲು, ಲಟ್ ಕೂಡ ಅಂತಹುದೇ ಒಂದು ಕೋಷ್ಟಕ. ಈ ಬಣ್ಣ ಬಂದರೆ ಆ ಬಣ್ಣ ಕೊಡು ಎಂಬ ಪಟ್ಟಿ. ಪ್ರಚಲಿತದಲ್ಲಿರುವ ಒಂದು ಅಳತೆಯಲ್ಲಿ ಕೆಂಪು, ಹಸಿರು, ನೀಲಿಗೆ ತಲಾ 33 ಮೆಟ್ಟಿಲುಗಳಿದ್ದು, ಒಟ್ಟು 35,937 ಉತ್ತರಗಳು ಅದರಲ್ಲಿ ಸಿದ್ಧವಾಗಿರುತ್ತವೆ. ಇಷ್ಟು ಉತ್ತರ ಬಲ್ಲ ಕೋಷ್ಟಕಕ್ಕೆ ಎದುರಿಗಿರುವುದು ರೇಷ್ಮೆಯೋ ಪಾಚಿಯೋ ಎಂಬ ಒಂದು ಪ್ರಶ್ನೆ ಮಾತ್ರ ತಿಳಿಯದು. ಅದೂ ಅಲ್ಲದೆ ಇಂತಹ ಬಹಳಷ್ಟು ಲಟ್‌ಗಳನ್ನು ಲಾಗ್ ಎಂಬ ಸಪ್ಪೆ ಚಿತ್ರಕ್ಕೆಂದು ಮಾಡಿರುತ್ತಾರೆ. ಫೋನ್ ತಾನೇ ಉಪ್ಪು ಖಾರ ಹಾಕಿ ಒಗ್ಗರಣೆ ಕೊಟ್ಟು ಇಳಿಸಿದ ಮಾಮೂಲಿ ಚಿತ್ರದ ಮೇಲೆ ಅದನ್ನು ಸುರಿದರೆ, ಉಪ್ಪು ಎರಡು ಬಾರಿ ಬಿದ್ದ ಸಾರಿನಂತೆ, ಕಪ್ಪು ಕೂದಲು ಕಪ್ಪು ಕೋಟಿನೊಳಗೆ ಕರಗಿಹೋಗುತ್ತದೆ. ನಮ್ಮ ಅಳಿಯಂದಿರ ತಲೆ ಎಲ್ಲಿ ಮುಗಿದು ಸೂಟು ಎಲ್ಲಿ ಶುರುವಾಗುತ್ತದೆ ಎಂಬುದನ್ನು ನಾವು ಇಂದಿಗೂ ಊಹೆಯಿಂದಲೇ ತಿಳಿಯಬೇಕಾಗಿದೆ. ಎಂಟು ಬಿಟ್‌ನ ವಿಡಿಯೊದಲ್ಲಿ ಪ್ರತಿ ಮೂಲಬಣ್ಣಕ್ಕೆ ಇರುವುದು 256 ಹಂತಗಳಷ್ಟೇ ಆದುದರಿಂದ, ಎಳೆದಾಡಿದ ಆಕಾಶದಲ್ಲಿ ಕಲ್ಯಾಣಿಯ ಮೆಟ್ಟಿಲುಗಳಂತಹ ಪಟ್ಟೆಗಳು ಮೂಡಿ, ಕಲ್ಯಾಣ ಮಂಟಪದ ಮೇಲೊಂದು ಪುಷ್ಕರಣಿ ತಲೆಕೆಳಗಾಗಿ ನಿಂತಿದೆ.

ಬಣ್ಣ ತಿದ್ದುವುದೇ ತಪ್ಪೆಂದು ಹೇಳುವಷ್ಟು ಮಡಿವಂತನು ನಾನಲ್ಲ. 2000ದಲ್ಲಿ ಹಾಲಿವುಡ್‌ನ ಛಾಯಾಗ್ರಾಹಕ ರೋಜರ್ ಡೀಕಿನ್ಸ್ ಮಿಸಿಸಿಪ್ಪಿಯಲ್ಲಿ ಬೇಸಿಗೆಯ ದಟ್ಟ ಹಸಿರಿನ ನಡುವೆ ಚಿತ್ರೀಕರಿಸಿದ ಒಂದು ಇಡೀ ಚಿತ್ರವನ್ನು ಕಂಪ್ಯೂಟರಿಗೆ ಏರಿಸಿ, ಹಸಿರನ್ನೆಲ್ಲ ಒಣ ಹುಲ್ಲಿನ ಹಳದಿಗೆ ತಿರುಗಿಸಿದರು. ಕಥೆ 1930ರ ದಶಕದ ಆರ್ಥಿಕ ಕುಸಿತದ ಕಾಲದ್ದು, ಅದಕ್ಕೆ ಧೂಳು ಬೇಕಿತ್ತು. ನಮ್ಮ ಅಣ್ಣನ ಮಗಳ ಮದುವೆಗೆ ಬರಗಾಲ ಬೇಕಿರಲಿಲ್ಲ. ಇನ್ನು ನಮ್ಮ ಮೈಸೂರಿನಲ್ಲಿಯೇ ಹುಟ್ಟಿದ ವಿ.ಕೆ. ಮೂರ್ತಿಯವರು 1959ರಲ್ಲಿ ಭಾರತದ ಮೊದಲ ಸಿನಿಮಾಸ್ಕೋಪ್, ಅಂದರೆ ಅಗಲ ತೆರೆಯ, ಚಿತ್ರಕ್ಕಾಗಿ ಸ್ಟುಡಿಯೊದ ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ಒಳಗೆ ತಿರುಗಿಸಿ ಬೆಳಕಿನ ಕೋಲೊಂದನ್ನು ನಿಲ್ಲಿಸಿದರು, ಜನ ಇಂದಿಗೂ ಅದನ್ನು ನೆನೆಯುತ್ತಾರೆ. ಆ ಚಿತ್ರ ಕಪ್ಪುಬಿಳುಪು. ಈ ಸಂಗತಿಯನ್ನು ನಾನು ಹುಡುಗನಿಗೆ ಹೇಳಿದಾಗ ಆತ ಮೆಚ್ಚುಗೆಯಿಂದ ತಲೆದೂಗಿ, ಕಪ್ಪುಬಿಳುಪಿಗೂ ತನ್ನಲ್ಲಿ ನಲವತ್ತು ಪ್ರೀಸೆಟ್‌ಗಳು, ಅಂದರೆ ಸಿದ್ಧ ಅಚ್ಚುಗಳು, ಇವೆ ಎಂದನು.

ಬಣ್ಣವೊಂದರಿಂದಲೇ ಸಿನಿಮಾ ಆಗುವುದಿಲ್ಲವಂತೆ. ಸೆಕೆಂಡಿಗೆ 60 ಚೌಕಟ್ಟುಗಳನ್ನು ಸಲೀಸಾಗಿ ಹಿಡಿಯಬಲ್ಲ ಫೋನನ್ನು 24ಕ್ಕೆ ಇಳಿಸಬೇಕು. ಮಾತಿನ ಚಿತ್ರಗಳು ಬಂದಾಗ ಧ್ವನಿ ಕೆಡದಂತೆ, ಹಾಗೆಯೇ ಫಿಲ್ಮಿನ ಖರ್ಚೂ ಮಿತಿಮೀರದಂತೆ ನಿರ್ಮಾಪಕರು ಒಪ್ಪಿಕೊಂಡ ಲೆಕ್ಕ ಅದು. ಆ ಜಿಪುಣತನ ಈಗ ಕಲೆಯಾಗಿದೆ. ನಮ್ಮ ವಿದ್ಯುತ್ 50 ಹರ್ಟ್ಸ್‌ನದು, ದೀಪಗಳು ಸೆಕೆಂಡಿಗೆ ನೂರು ಬಾರಿ ಮಿಡಿಯುತ್ತವೆ, 24ಕ್ಕೂ ನೂರಕ್ಕೂ ತಾಳ ಕೂಡುವುದಿಲ್ಲ. ಹೀಗಾಗಿ ಮಾಂಗಲ್ಯಧಾರಣೆಯ ಉದ್ದಕ್ಕೂ ಮಂಟಪದ ಸೀರಿಯಲ್ ಸೆಟ್ ಮಾತ್ರವಲ್ಲ, ಪುರೋಹಿತರ ಹಣೆಯೂ ಮಿನುಗುತ್ತದೆ. ಹೊರಗಿನ ಬಿಸಿಲಿನಲ್ಲಿ ಫೋನಿನ ಶಟರ್ ತಾನಾಗಿ ಸೆಕೆಂಡಿನ ಸಾವಿರದಲ್ಲೊಂದು ಪಾಲಿನ ಲೆಕ್ಕಕ್ಕೆ ಇಳಿದು ಪ್ರತಿ ಚೌಕಟ್ಟನ್ನೂ ಕ್ಷಣಮಾತ್ರ ಹಿಡಿಯುವುದರಿಂದ, ದಿಬ್ಬಣದ ವಾದ್ಯದವರ ಕೈಗಳು ಕೀಲುಗೊಂಬೆಗಳಂತೆ ತಟಕ್ಕನೆ ನಿಂತು ತಟಕ್ಕನೆ ಚಲಿಸುತ್ತವೆ. ಇದನ್ನು ತಡೆಯಲು ಲೆನ್ಸಿನ ಮುಂದೆ ಕಪ್ಪು ಗಾಜಿನ ಫಿಲ್ಟರ್ ಹಾಕಬೇಕು. ಅದು ದುಡ್ಡಿನ ಬಾಬ್ತು, ಲಟ್ ಪುಕ್ಕಟೆ.

ಇಷ್ಟೆಲ್ಲ ಆದ ಮೇಲೆ ಗ್ರೇನ್. ಒಂದು ಚುಕ್ಕೆಯೂ ಇಲ್ಲದಂತೆ ಚಿತ್ರ ತೆಗೆಯುವ ಫೋನನ್ನು ಕಂತಿನಲ್ಲಿ ಕೊಂಡು, ಅದರ ಮೇಲೆ ಫಿಲ್ಮಿನ ಬೆಳ್ಳಿಯ ಹರಳುಗಳಂತಹ ಮರಳನ್ನು ಉದುರಿಸಿ, ಗೀರುಗಳನ್ನೂ ಎಳೆಯುತ್ತಾರೆ. ಹಿಂದೆ ಊರೂರು ಅಲೆದು ಸವೆದ ಪ್ರಿಂಟು ಕೊನೆಗೆ ನಮ್ಮೂರಿನ ಟೂರಿಂಗ್ ಟಾಕೀಸಿಗೆ ಬಂದಾಗ, ತೆರೆಯ ಮೇಲೆ ಮಳೆ ಸುರಿದಂತೆ ಗೀರುಗಳು ಬಿದ್ದರೆ ಜನ ಆಪರೇಟರನ ಮನೆಯ ಹೆಂಗಸರನ್ನೂ ಬಿಡದೆ ಬೈಯುತ್ತಿದ್ದರು. ಈಗ ಆ ಮಳೆಗೆ ಹಣ ಕೊಡುತ್ತೇವೆ. ಗೋಡೆಗೆ ಸುಣ್ಣ ಹೊಡೆಸಿ, ಮೇಲೆ ಪಾಚಿ ಬೆಳೆಸಲು ಕೂಲಿಯಾಳು ಇಟ್ಟಂತೆ.

ಚಿತ್ರದ ಮೇಲೂ ಕೆಳಗೂ ಹಾಕುವ ಕಪ್ಪು ಪಟ್ಟಿಗಳ ಮಹಿಮೆಯನ್ನು ಬೇರೆಯಾಗಿಯೇ ಹೇಳಬೇಕು. ಸಿನಿಮಾಸ್ಕೋಪ್ ಬಂದದ್ದು 1953ರಲ್ಲಿ, ಮನೆಯ ಚಿಕ್ಕ ಟಿವಿಯೆದುರು ಕುಳಿತುಬಿಟ್ಟ ಅಮೆರಿಕದ ಪ್ರೇಕ್ಷಕರನ್ನು ದೊಡ್ಡ ತೆರೆಯ ಆಸೆ ತೋರಿಸಿ ಥಿಯೇಟರಿಗೆ ಮರಳಿ ಕರೆತರಲು. ಈಗ ಅದೇ ಅಗಲದ ಆಕಾರವನ್ನು ನೆಟ್ಟಗೆ ನಿಂತ ಫೋನಿನ ರೀಲ್ಸ್‌ಗೆ ತೊಡಿಸುತ್ತಾರೆ. 1080 ಅಗಲ, 1920 ಎತ್ತರದ ಪರದೆಯಲ್ಲಿ ಎತ್ತರದ 2.39 ಪಟ್ಟು ಅಗಲವಿರುವ ಚಿತ್ರಕ್ಕೆ ದೊರಕುವ ಎತ್ತರ 452 ಪಿಕ್ಸೆಲ್. ಉಳಿದ ಮುಕ್ಕಾಲು ಪಾಲು ಶುದ್ಧ ಕತ್ತಲೆ. ಐದು ನೂರು ಜನ ಉಂಡ ಮದುವೆಯನ್ನು ನಾವು ಅಂಚೆಪೆಟ್ಟಿಗೆಯ ಬಾಯಿಯಿಂದ ಇಣುಕಿ ನೋಡಿದೆವು.

ಮದುವೆಯ ಮಾತು ಮನೆಯೊಳಗಿನದು, ಬಿಡೋಣ. ಊರಿನ ಕೆಲಸಕ್ಕೂ ಈಗ ಟೋನ್ ಬಂದಿದೆ. ನಮ್ಮ ಬೀದಿಯ ಗುಂಡಿಗೆ ಡಾಂಬರು ಹಾಕಿದ ದಿನ ಜನಪ್ರತಿನಿಧಿಯೊಬ್ಬರು ಬಂದು ಗುದ್ದಲಿ ಹಿಡಿದ ದೃಶ್ಯವನ್ನು ಅವರ ಕಡೆಯ ಹುಡುಗರು ರೀಲ್ಸ್ ಮಾಡಿ ಹಂಚಿದರು. ಡಾಂಬರಿನ ಹೊಗೆ ನೀಲಿಮಂಜಿನಂತೆ ಏಳುತ್ತದೆ, ಅದರ ನಡುವಿನಿಂದ ಬಿಳಿಯಂಗಿಯವರು ನಿಧಾನಗತಿಯಲ್ಲಿ ಮೂಡಿ ಬರುತ್ತಾರೆ, ಗುಂಡಿಯಲ್ಲಿ ನಿಂತ ನೀರು ಮಲೆನಾಡಿನ ಕೊಳದಂತೆ ಕಂಗೊಳಿಸುತ್ತದೆ. ಮೊದಲ ಮಳೆಗೆ ಡಾಂಬರು ಎದ್ದುಹೋಯಿತು. ಗುಂಡಿ ಮರಳಿ ಬಂದಾಗ ಅದು ರೀಲ್ಸ್‌ನಲ್ಲಿದ್ದಷ್ಟು ಚೆನ್ನಾಗಿಲ್ಲವಲ್ಲ ಎಂದು ನನಗೇ ಒಂದು ಗಳಿಗೆ ಬೇಸರವಾಯಿತೆಂಬುದನ್ನು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ.

ನಮ್ಮಕ್ಕನು ಮಾತ್ರ ಪಟ್ಟು ಬಿಡಲಿಲ್ಲ. ಬಣ್ಣ ಹಾಕುವ ಮುಂಚಿನ ಮೂಲವನ್ನೇ ತೋರಿಸು ಎಂದಳು. ಧಾರೆಯ ಭಾಗವನ್ನು ಬೇರೆಯವರಿಂದ ತಂದ ದುಬಾರಿ ಐಫೋನಿನಲ್ಲಿ, ಲಾಗ್‌ನಲ್ಲಿಯೇ ಹಿಡಿದಿದ್ದನಂತೆ. ಹುಡುಗನು ಹೆಮ್ಮೆಯಿಂದ ಉಳಿದಿದ್ದ ಒಂದು ತುಣುಕನ್ನು ತೆರೆದನು. ಲಾಗ್ ಎಂದರೆ ಬೆಳಕು ನೆರಳುಗಳ ವಿವರವೆಲ್ಲ ಉಳಿಯಲೆಂದು ಚಿತ್ರವನ್ನು ಬೇಕೆಂದೇ ಸಪ್ಪೆಯಾಗಿ ಬರೆದಿಡುವ ವಿಧಾನ. ಅದನ್ನು ಸರಿಯಾದ ಕ್ರಮದಲ್ಲಿ ಸಾಮಾನ್ಯ ಪರದೆಗೆ ಪರಿವರ್ತಿಸಿದರೆ ಗಿಳಿಹಸಿರು ಗಿಳಿಹಸಿರಾಗಿಯೇ ಎದ್ದು ಬರಬೇಕು, ಆದರೆ ಆ ಒಂದು ಕೆಲಸಕ್ಕೆ ಟೋನ್ ಇಲ್ಲವೆಂದು ಆತ ಅದನ್ನು ಕಲಿತಿರಲಿಲ್ಲ. ತೆರೆದ ತುಣುಕಿನಲ್ಲಿ ಸೀರೆ ವಿಭೂತಿಯ ಬಣ್ಣದ್ದಾಗಿತ್ತು. ಮೂಲದಲ್ಲಿಯೂ ತನ್ನ ಸೀರೆ ಇಲ್ಲದ್ದನ್ನು ಕಂಡು ಆಕೆ ಮೊದಲ ಬಾರಿಗೆ ಮಾತು ಕಳೆದುಕೊಂಡಳು. ಉಳಿದ ತುಣುಕುಗಳನ್ನು ಕೇಳಿದರೆ, ಪ್ರೊರೆಸ್ ಎಂಬ ಭಾರೀ ಗಾತ್ರದ ಕಡತದ ಬಗೆಯಲ್ಲಿ 4ಕೆ ಹಿಡಿದರೆ ನಿಮಿಷಕ್ಕೆ ಸುಮಾರು 6 ಜಿಬಿ ನುಂಗುತ್ತದೆ, ಮುಂದಿನ ಮದುವೆಗೆ ಜಾಗ ಬೇಕಿತ್ತು, ಅಳಿಸಿದೆ ಎಂದನು.

ಈಗ ಆ ಸೀರೆಯ ಬಣ್ಣಕ್ಕೆ ಉಳಿದಿರುವ ದಾಖಲೆ ಜವಳಿ ಅಂಗಡಿಯ ಬಿಲ್ಲು ಒಂದೇ. ಗುಮಾಸ್ತರು ದುಂಡಕ್ಷರದಲ್ಲಿ “ಗಿಳಿಹಸಿರು, ಕೆಂಪಂಚು, 1” ಎಂದು ಬರೆದಿದ್ದಾರೆ. ಬಿಲ್ಲಿನ ಚಿತ್ರವನ್ನಾದರೂ ವಿಡಿಯೊದ ಕೊನೆಯಲ್ಲಿ ಹಾಕು ಎಂದು ನಮ್ಮಕ್ಕ ಹಟ ಹಿಡಿದಳು. ಹುಡುಗನು ಒಪ್ಪಿ ಒಯ್ದು, ಎರಡು ತಿಂಗಳು ಕಲರ್ ಮಾಡಿ ಕಳುಹಿಸಿದನು. ಬಿಳಿಯ ಕಾಗದ ಅದರಲ್ಲಿ ಕಿತ್ತಳೆಯಾಗಿದೆ, ಮಸಿ ಟೀಲ್ ಆಗಿದೆ. ಅಂಗಡಿಯ ಫೋನ್ ನಂಬರೂ ಒಟ್ಟು ಮೊತ್ತವೂ ಸ್ಪಷ್ಟವಾಗಿವೆ. ಬಣ್ಣ ಬರೆದಿದ್ದ ಸಾಲು ಮೇಲಿನ ಕಪ್ಪು ಪಟ್ಟಿಯೊಳಗೆ ಸೇರಿಕೊಂಡಿದೆ.