ಸ್ಟಿಕ್ಕರ್ ಕೆಳಗೆ ಇನ್ನೊಂದು ಸ್ಟಿಕ್ಕರ್

ಉಗುರು ಹಾಕಿ ಕಿತ್ತೇಬಿಟ್ಟ ಪುಣ್ಯಾತ್ಮ! ಅಷ್ಟು ಜನರ ಎದುರಿಗೆ! ರೂಮಿಗೆ ಬಂದು ಎರಡು ಗಂಟೆ ಆಯ್ತು, ಇನ್ನೂ ಕಿವಿ ಬಿಸಿ ಇದೆ.

60 ಯೂರೋ ಹೋದದ್ದಕ್ಕೆ ಬೇಜಾರಿಲ್ಲ. ಸುಳ್ಳು ಯಾಕೆ ಹೇಳಲಿ, ಅದಕ್ಕೂ ಇದೆ. ಆದರೆ ನಾನು ಅಲ್ಲಿ ಮಾಡಿದ ಜಂಬ ಇದೆಯಲ್ಲ, ಅದನ್ನು ನೆನೆಸಿಕೊಂಡರೆ ಮುಖ ಎಲ್ಲಿಡಲಿ ಅನ್ನಿಸುತ್ತದೆ.

ಮುರಾನೊ ಅಂದರೆ ವೆನಿಸ್ ಪಕ್ಕದ ದ್ವೀಪ, ಗಾಜಿನ ಕೆಲಸಕ್ಕೆ ಹೆಸರಾದದ್ದು. ಹೋಟೆಲಿನವರು "ಮುರಾನೊಗೆ ಫ್ರೀ ಬೋಟ್ ಇದೆ" ಅಂದಾಗ ಬೇಡ ಅಂದವಳು ನಾನೇ. ಆ ಬೋಟು ಸೀದಾ ಶೋರೂಮಿನ ಬಾಗಿಲಿಗೆ ಹೋಗಿ ನಿಲ್ಲುತ್ತದೆ, ಕೊಳ್ಳುವವರೆಗೂ ಬಿಡುವುದಿಲ್ಲ ಅಂತ ಮೊದಲೇ ಓದಿಕೊಂಡಿದ್ದೆ. ತಲಾ 9.50 ಯೂರೋ ಕೊಟ್ಟು ಟಿಕೆಟ್ ತಗೊಂಡು ವಾಪೊರೆಟ್ಟೊ, ಅಂದರೆ ಅಲ್ಲಿನ ನೀರಿನ ಬಸ್ಸು, ಹತ್ತಿದೆವು. ಅಷ್ಟು ಬುದ್ಧಿವಂತೆ! ಹಿಂದಿನ ದಿನವೇ ವೆನಿಸ್‌ನ ಸೇತುವೆ ಪಕ್ಕದ ಅಂಗಡಿಯಲ್ಲಿ ಆರು ಪೆಂಡೆಂಟ್ ಕೊಂಡಾಗಿತ್ತು, ಅದು ಬೇರೆ ಮಾತು.

ಮುರಾನೊದಲ್ಲಿ ಅದು ಚಿಕ್ಕ ಅಂಗಡಿ, ಹಿಂದುಗಡೆಯೇ ಕೆಲಸದ ಜಾಗ. ಗಾಜಿನ ಪೆಂಡೆಂಟ್ ನೋಡಿದೆ. 48 ಯೂರೋ. ನನಗೆ ನಗು ಬಂತು. ಬ್ಯಾಗಿನಿಂದ ನನ್ನದನ್ನು ತೆಗೆದು ಕೌಂಟರಿನ ಮೇಲೆ ಇಟ್ಟು, "ಸೇಮ್! ವೆನಿಸ್! ಟೆನ್ ಯೂರೋ!" ಅಂದೆ. ಹತ್ತು ಬೆರಳನ್ನೂ ಎತ್ತಿ ತೋರಿಸಿದೆ. ನಮ್ಮನೆಯವರು ವಿಡಿಯೋ ಮಾಡುತ್ತಿದ್ದರು. ಹೆಂಡತಿ ಚೌಕಾಸಿ ಮಾಡುವ ಚಂದ ನೋಡಿ ಅಂತ ಎಲ್ಲರಿಗೂ ಕಳಿಸಲಿಕ್ಕೆ.

ಆ ಅಜ್ಜ ಏನೂ ಅನ್ನಲಿಲ್ಲ. ಏಪ್ರನ್‌ಗೆ ಕೈ ಒರೆಸಿಕೊಂಡ. ಹಣೆಯ ಮೇಲಿದ್ದ ಕನ್ನಡಕ ಇಳಿಸಿದ. ಪೆಂಡೆಂಟ್ ಬೋರಲು ಹಾಕಿದ. ಹಿಂದೆ ಚಿನ್ನದ ಬಣ್ಣದ ಸ್ಟಿಕ್ಕರು, 'ಮುರಾನೊ ಗ್ಲಾಸ್' ಅಂತ. ಅದರ ಅಂಚಿಗೆ ಹೆಬ್ಬೆರಳಿನ ಉಗುರು ಕೊಟ್ಟು ನಿಧಾನವಾಗಿ ಎಬ್ಬಿಸಿದ. ಕೆಳಗೆ ಇನ್ನೊಂದು ಇತ್ತು. ಬಿಳೀದು, ಅಕ್ಕಿಕಾಳಿನಷ್ಟು. ಅದನ್ನು ಓದಲೂ ಇಲ್ಲ ಆತ, ನನ್ನ ಕಡೆಗೆ ತಿರುಗಿಸಿ ಹಿಡಿದ. ಆಮೇಲೆ ಇಟಾಲಿಯನ್‌ನಲ್ಲಿ ಏನೇನೋ ಹೇಳಿದ. ನನಗೆ ಅರ್ಥವಾದದ್ದು ಒಂದೇ ಶಬ್ದ: ಚೀನಾ. ಅವರೂ ಅದನ್ನು ಚೀನಾ ಅಂತಲೇ ಅನ್ನುತ್ತಾರೆ, ಗೊತ್ತಾ? ಆ ಇಡೀ ಭಾಷೆಯಲ್ಲಿ ನಮ್ಮ ಹಾಗೇ ಇರುವ ಶಬ್ದ ಅದೊಂದೇ ಸಿಗಬೇಕಿತ್ತಾ ನನಗೆ?

ಹಿಂದೆ ನಿಂತಿದ್ದ ಇಬ್ಬರು ಹೆಂಗಸರು ಕಿಸಕ್ ಅಂದರು. ಇರಲಿ, ನಾನಾಗಿದ್ದರೂ ನಗುತ್ತಿದ್ದೆ. ಇಲ್ಲ, ನಗುತ್ತಿರಲಿಲ್ಲ! ಏನು ನಗೋದು ಅದರಲ್ಲಿ?

ಇದಕ್ಕಿಂತ ಕಷ್ಟವಾದದ್ದು ಮುಂದಿನದು. ಆತ ನನ್ನ ಹತ್ತು ಯೂರೋ ಪೆಂಡೆಂಟನ್ನು ಟಿಶ್ಯೂ ಪೇಪರಿನಲ್ಲಿ ಸುತ್ತಿ, ಟೇಪ್ ಹಚ್ಚಿ, ತನ್ನ 48 ಯೂರೋದ್ದನ್ನು ಹೇಗೆ ಕೊಡುತ್ತಾನೋ ಹಾಗೇ ಎರಡೂ ಕೈಯಲ್ಲಿ ಕೊಟ್ಟ. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ರೂಮಿನಲ್ಲಿ ಆರನ್ನೂ ಸಾಲಾಗಿ ಇಟ್ಟು ನೋಡಿದೆ. ಮಿಲ್ಲೆಫಿಯೋರಿ, ಅಂದರೆ ಸಾವಿರ ಹೂವು. ಬಣ್ಣದ ಗಾಜಿನ ಕಡ್ಡಿಯನ್ನು ಬಿಲ್ಲೆಬಿಲ್ಲೆಯಾಗಿ ಕತ್ತರಿಸಿ, ಜೋಡಿಸಿ, ಕಾಯಿಸಿ ಕೂಡಿಸುವುದು. ಕೈಯಲ್ಲಿ ಜೋಡಿಸಿದ್ದು ಒಂದರ ಹಾಗೆ ಇನ್ನೊಂದು ಹೇಗಿರುತ್ತದೆ? ನನ್ನ ಆರರಲ್ಲೂ ನೀಲಿ ಹೂವು ಎಡಗಡೆ ಅದೇ ಜಾಗದಲ್ಲಿದೆ. ಕೊಳ್ಳುವಾಗ "ನೋಡಿ, ಎಷ್ಟು ಅಚ್ಚುಕಟ್ಟು, ಎಲ್ಲ ಒಂದೇ ಥರ ಇವೆ" ಅಂತ ನಾನೇ ಹೊಗಳಿದ್ದೆ. ಕಣ್ಣಿತ್ತಾ ನನಗೆ?

1291ರಲ್ಲಿ ಬೆಂಕಿಯ ಭಯಕ್ಕೆ ವೆನಿಸ್‌ನವರು ಗಾಜಿನ ಕುಲುಮೆಗಳನ್ನು ಮುರಾನೊ ದ್ವೀಪಕ್ಕೆ ಸಾಗಹಾಕಿದ್ದು. ಆಗ ಕೆಲಸಗಾರರು ಗುಟ್ಟು ಹೊತ್ತು ಊರು ಬಿಡುವ ಹಾಗಿರಲಿಲ್ಲ. ಈಗ ಗುಟ್ಟು ಯಾರಿಗೆ ಬೇಕು, ಸ್ಟಿಕ್ಕರ್ ಸಾಕು. 1994ರಲ್ಲಿ ಕಾನೂನು ಮಾಡಿ 'ವೆತ್ರೊ ಅರ್ತಿಸ್ತಿಕೊ ಮುರಾನೊ' ಅಂತ ಅಸಲಿ ಗುರುತು ತಂದರು, ತಯಾರಕರ ನಂಬರೂ ಇರುತ್ತದೆ. ಆದರೆ ಎಲ್ಲರೂ ಅದನ್ನು ಹಾಕಲೇಬೇಕು ಅಂತಿಲ್ಲ. ಮತ್ತೆ ನಾವು ಏನು ನೋಡಿ ಕೊಳ್ಳಬೇಕು? ಯಾರಾದರೂ ಉತ್ತರ ಕೊಡಿ! ನಕಲಿ ಮಾಲು ಕೊಂಡವರಿಗೂ ಇಟಲಿಯಲ್ಲಿ 7,000 ಯೂರೋವರೆಗೆ ದಂಡ ಹಾಕಬಹುದು, ಇದನ್ನು ಈಗಷ್ಟೇ ಓದಿದೆ. ಮೋಸ ಹೋದವಳೂ ನಾನೇ, ದಂಡ ಕಟ್ಟುವವಳೂ ನಾನೇ!

ಸೇತುವೆ ಅಂಗಡಿಯವನಿಗೆ ಹೋಗಿ ಕೇಳೋಣ ಅಂದರೆ ನಮ್ಮನೆಯವರು "ಬಿಡು, ಬೆಳಿಗ್ಗೆ ಆರಕ್ಕೆ ಫ್ಲೈಟು" ಅಂತಾರೆ. ಬಿಡ್ತೀನಿ. ಬಿಟ್ಟೆ. 25 ಹೇಳಿದವನು ಹತ್ತಕ್ಕೆ ಇಳಿದಾಗ ನಿಟ್ಟುಸಿರು ಬೇರೆ ಬಿಟ್ಟನಲ್ಲ, "ನಿಮಗೋಸ್ಕರ ಮಾತ್ರ" ಅಂತ! ಆ ನಿಟ್ಟುಸಿರು ಕೇಳಿ ನನಗೆ ಪಾಪ ಅನ್ನಿಸಿತ್ತು.

ಈಗ ಮೆಸೇಜ್ ಬಂತು, ನಾದಿನಿಯದು. ವಿಡಿಯೋ ಕಳಿಸಿಯಾಗಿದೆಯಂತೆ.