ಬಟ್ಟೆ ಪರೀಕ್ಷೆಯಲ್ಲಿ ಪಾಸಾಯಿತು, ತೊಳೆದ ನೀರಿನ ಲೆಕ್ಕ ಎಲ್ಲಿ?

ನಾನು ಬಳ್ಳಾರಿಯವನು. ತಮಿಳುನಾಡಿನ ತಿರುಪ್ಪೂರಿನಲ್ಲಿ ಬಟ್ಟೆ ರಫ್ತು ಮಾಡುವ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ಬಳ್ಳಾರಿಯಲ್ಲಿ ಜೀನ್ಸ್, ತಿರುಪ್ಪೂರಿನಲ್ಲಿ ಬನಿಯನ್, ಟೀ ಶರ್ಟ್. ಎರಡೂ ಊರಿಗೆ ತಲೆನೋವು ಒಂದೇ: ಬಟ್ಟೆ ತೊಳೆದ ನೀರು.

ಯುರೋಪಿನ ಬೈಯರ್ ಮೊದಲು ಕೇಳುವುದು ಲ್ಯಾಬ್ ರಿಪೋರ್ಟ್. ಕ್ಯಾನ್ಸರ್ ತರಬಲ್ಲ ಅಜೋ ಬಣ್ಣ ಇದೆಯಾ, ಸುಕ್ಕು ತಡೆಯಲು ಬಳಸುವ ಫಾರ್ಮಾಲ್ಡಿಹೈಡ್ ಎಷ್ಟಿದೆ ಅಂತ. ಇದು ಬೇಕೇ ಬೇಕು. ಆದರೆ ಆ ಪರೀಕ್ಷೆ ನಡೆಯುವುದು ಸಿದ್ಧವಾದ ಬಟ್ಟೆಯ ಮೇಲೆ.

ಜೀನ್ಸ್ ಮಸುಕಾಗಿ ಕಾಣಲಿ ಅಂತ ಪೊಟ್ಯಾಸಿಯಂ ಪರ್ಮಾಂಗನೇಟ್ ಸ್ಪ್ರೇ ಮಾಡುತ್ತಾರಲ್ಲ, ಅದನ್ನೇ ನೋಡಿ. ಹುಡುಗರು ಗನ್ ಹಿಡಿದು ಪ್ಯಾಂಟಿನ ತೊಡೆ ಭಾಗಕ್ಕೆ ನೇರಳೆ ಬಣ್ಣದ ನೀರು ಹೊಡೆಯುತ್ತಾರೆ. ಮಾಸ್ಕ್ ಸರಿ ಇಲ್ಲದಿದ್ದರೆ ಆ ಹನಿ ಮೂಗು, ಗಂಟಲಿಗೆ ಹೋಗುತ್ತದೆ. ಆಮೇಲೆ ಪ್ಯಾಂಟನ್ನು ಚೆನ್ನಾಗಿ ತೊಳೆಯುತ್ತಾರೆ. ಲ್ಯಾಬಿಗೆ ಹೋಗುವಾಗ ಅದರಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಕೊಳ್ಳುವವರು ಸುರಕ್ಷಿತ. ಸ್ಪ್ರೇ ಮಾಡಿದ ಹುಡುಗ?

ಎನ್‌ಪಿಇ ಎಂಬ ಜಿಡ್ಡು ತೆಗೆಯುವ ರಾಸಾಯನಿಕದ್ದೂ ಇಂಥದ್ದೇ ಕಥೆ, ಆದರೆ ಅದು ಸ್ವಲ್ಪ ಬಟ್ಟೆಯಲ್ಲೇ ಉಳಿಯುತ್ತದೆ. ನೀರಿಗೆ ಸೇರಿ ಒಡೆದಾಗ ಅದು ಮೀನುಗಳ ಹಾರ್ಮೋನ್ ಕೆಡಿಸುತ್ತದೆ. ಆಮದಾದ ಬಟ್ಟೆ ಒಗೆದಾಗ ತಮ್ಮ ನದಿಗಳಿಗೆ ಸೇರುತ್ತಿದೆ ಎಂದು ಯುರೋಪ್ 2021ರ ಫೆಬ್ರವರಿಯಿಂದ ಬಟ್ಟೆಯಲ್ಲಿ ಅದಕ್ಕೆ ಮಿತಿ ಹಾಕಿತು. ಅವರ ನದಿಗೆ ಕಾವಲು ಸಿಕ್ಕಿತು. ಬಟ್ಟೆ ತಯಾರಾಗುವ ಊರಿನ ನದಿಗೂ ಅಷ್ಟೇ ಕಾಳಜಿ ಬೇಕು ಅಲ್ವಾ?

ತಿರುಪ್ಪೂರು ಬದಲಾಗಿದ್ದು ಯಾವ ಕಂಪನಿಯ ರಿಪೋರ್ಟಿನಿಂದಲೂ ಅಲ್ಲ. ಬಟ್ಟೆಗೆ ಬಣ್ಣ ಹಾಕುವ ಡೈಯಿಂಗ್ ಯೂನಿಟ್‌ಗಳ ಉಪ್ಪುನೀರು ನೊಯ್ಯಲ್ ನದಿಯನ್ನೂ ಒರತುಪಾಳಯಂ ಅಣೆಕಟ್ಟನ್ನೂ ಹಾಳು ಮಾಡಿತ್ತು. ನದಿಯ ಕೆಳಭಾಗದ ರೈತರು ಕೋರ್ಟಿಗೆ ಹೋದರು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಯೂನಿಟ್‌ಗಳನ್ನು ಮುಚ್ಚಿಸಿತು. ಆಮೇಲೆ ಒಂದು ಹನಿಯನ್ನೂ ಹೊರಗೆ ಬಿಡಬಾರದು ಎಂಬ ವ್ಯವಸ್ಥೆ ನಿಜವಾಗಿ ಜಾರಿಗೆ ಬಂತು. ನೀರನ್ನು ಶೋಧಿಸಿ, ಉಳಿದದ್ದನ್ನು ಕಾಯಿಸಿ ಉಪ್ಪು ತೆಗೆದು, ಎರಡನ್ನೂ ಮತ್ತೆ ಬಳಸುತ್ತಾರೆ. ಎಲ್ಲ ಸರಿಹೋಗಿಲ್ಲ. ಮತ್ತೆ ಬಳಸಲಾಗದ ಮಿಶ್ರ ಉಪ್ಪು ರಾಶಿ ಬೀಳುತ್ತದೆ, ಕಾಯಿಸಲು ಕರೆಂಟು ಮತ್ತು ಉರುವಲು ಜಾಸ್ತಿ ಬೇಕು. ಕರೆಂಟು, ಉರುವಲಿನಿಂದ ಬರುವ ಕಾರ್ಬನ್ ಒಂದನ್ನೇ ಎಣಿಸಿದರೆ, ನೀರನ್ನು ಹಾಗೇ ಹರಿಯಬಿಡುವ ಕಾರ್ಖಾನೆಯೇ ಇದಕ್ಕಿಂತ ಚೆನ್ನಾಗಿ ಕಾಣಿಸಬಹುದು. ಆ ಲೆಕ್ಕವನ್ನು ನಾನು ಒಪ್ಪುವುದಿಲ್ಲ.

ಬಳ್ಳಾರಿಯಲ್ಲಿ ಜೀನ್ಸ್ ವಾಷಿಂಗ್ ಯೂನಿಟ್‌ಗಳ ನೀರಿನ ಬಗ್ಗೆ ದೂರು ಇಂದಿನದಲ್ಲ. ಸಣ್ಣ ಮಾಲೀಕರನ್ನು ಮಾತ್ರ ಬೈದು ಪ್ರಯೋಜನವಿಲ್ಲ. ಒಬ್ಬೊಬ್ಬರೇ ಶುದ್ಧೀಕರಣ ಘಟಕ ಹಾಕುವಷ್ಟು ಹಣ ಅವರಲ್ಲಿಲ್ಲ. ಷೇರುಪೇಟೆ ನಿಯಂತ್ರಕ ಸೆಬಿ 2022-23ರಿಂದ ಕಡ್ಡಾಯ ಮಾಡಿದ ಸುಸ್ಥಿರತೆ ವರದಿ, ಅಂದರೆ ಪರಿಸರ ಮತ್ತು ಕೆಲಸಗಾರರ ಬಗೆಗಿನ ಲೆಕ್ಕ, ಷೇರುಪೇಟೆಯ ಅತಿ ದೊಡ್ಡ 1000 ಕಂಪನಿಗಳಿಗೆ. ಮನೆ ಪಕ್ಕದ ಶೆಡ್ಡಿನಲ್ಲಿ ನಡೆಯುವ ವಾಷಿಂಗ್ ಯೂನಿಟ್ ಆ ಪಟ್ಟಿಯಲ್ಲಿ ಬರುವುದೇ ಇಲ್ಲ.

ಹಾಗಾಗಿ ತಿರುಪ್ಪೂರಿನಂತೆ ಮಾಲೀಕರೆಲ್ಲ ಸೇರಿ ನಡೆಸುವ ಸಾಮೂಹಿಕ ಘಟಕ ಬಳ್ಳಾರಿಗೆ ಮೊದಲು ಬರಲಿ. ಕೋರ್ಟ್ ಬೀಗ ಹಾಕುವವರೆಗೆ ಕಾಯುವುದು ಬೇಡ, ಬೀಗ ಬಿದ್ದಾಗ ತಿರುಪ್ಪೂರಿನಲ್ಲಿ ಕೆಲಸ ಕಳೆದುಕೊಂಡವರು ಕೂಲಿಯವರು. ಯಾವ ಡ್ರಮ್ಮಿನಲ್ಲಿ ಯಾವ ರಾಸಾಯನಿಕವಿದೆ, ಹೊರಬಿಡುವ ನೀರಿನ ಪರೀಕ್ಷೆಯಲ್ಲಿ ಏನು ಬಂತು ಎಂಬುದನ್ನು ಪ್ರತಿ ಯೂನಿಟ್ಟಿನ ಗೇಟಿನ ಮೇಲೆ ಕನ್ನಡದಲ್ಲೂ ತೆಲುಗಿನಲ್ಲೂ ಬರೆದು ಹಾಕಲಿ. ಬ್ರ್ಯಾಂಡುಗಳು ತಮ್ಮ ವರದಿಗೆ ಅಂಕಿಗಳನ್ನು ಅಲ್ಲಿಂದಲೇ ತೆಗೆದುಕೊಳ್ಳಲಿ.